ಬಂಡಿ ಹಳಿಯಿಂದ ಹೆರಾಲ್ಡ್ ಟೈರಿನ ತನಕ

ಹೋದ ಕಂತಿನ ಕೊನೆಗೆ ಒಂದು ಮಾತು ಕೊಟ್ಟಿದ್ದೆ, ಮುಂದಿನ ಸಲ ನಮ್ಮ ಮನೆ ಜಗಳದ್ದೇ ಇತಿಹಾಸ ಹೇಳ್ತೀನಿ ಅಂತ. ಜಗಳ ಆಗಿದ್ದು ನಾಲ್ಕು ಟೈರಿನ ಸಲುವಾಗಿ.

ಕೊಂಕಲ್‌ನಲ್ಲಿ ನಮ್ಮ ದೊಡ್ಡಪ್ಪನ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಹತ್ತಿ ಚೀಲ, ಸ್ಪ್ರೇ ಪಂಪು, ಹಳೇ ನೇಗಿಲು, ಅವುಗಳ ನಡುವೆ ಒಂದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ದೊಡ್ಡಪ್ಪ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಮೇ ತಿಂಗಳಲ್ಲಿ ತಂಗಿ ಮದುವೆ. ಮದುಮಗಳನ್ನು ಅದೇ ಗಾಡಿಯಲ್ಲಿ ಯಾದಗಿರಿ ಕಲ್ಯಾಣ ಮಂಟಪಕ್ಕೆ ಒಯ್ಯಬೇಕು ಅಂತ ಅಣ್ಣನ ಹಟ. ಎಂಜಿನ್ ರೆಡಿ ಆಯಿತು, ಬ್ರೇಕ್ ಆಯಿತು. ಉಳಿದದ್ದು ಟೈರ್.

ಅಣ್ಣ ಎಲ್ಲಿಂದಲೋ ನಾಲ್ಕು ಟೈರ್ ಹುಡುಕಿ ತಂದ. ಯಾವುದೋ ಮುಚ್ಚಿದ ಅಂಗಡಿ ಗೋಡೌನಿನ ಮಾಲು, ಗಾಡಿಯ ಮೂಲ ಅಳತೆಯದ್ದೇ, ಒಂದು ದಿನವೂ ರಸ್ತೆಗೆ ಇಳಿಯದ್ದು.

“ನೋಡೋ ತಮ್ಮಾ, ಮೇಲಿನ ಕೂದಲು ಸೈತ ಹೋಗಿಲ್ಲ. ಹೊಸಾವೇ ಅವ.”

“ಹೊಸಾವ್ ಅಲ್ಲ ಅಣ್ಣಾ, ಹಳೇವು. ಬಳಸಿಲ್ಲ, ಅಷ್ಟೇ.”

ಮೂರು ದಿನ ಮಾತಿಲ್ಲ! ನಾನು ಬಿಕಾಂ ಓದಿದವನು, ನನಗೆ ಟೈರಿನ ಬಗ್ಗೆ ಏನು ಗೊತ್ತು ಅನ್ನೋದು ಅವನ ವಾದ. ಅದು ಖರೇನೇ. ಅದಕ್ಕೇ ಕೂತು ಓದಿದೆ.

ಮೊದಲು ಈ ಗಾಡಿ ಯಾವ ಜಾತಿಯದ್ದು ಹೇಳ್ತೀನಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೆರಾಲ್ಡ್ ಬಿಟ್ಟಿತು, ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿ ಅವರದ್ದು. ಎರಡು ವರ್ಷದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಇಲ್ಲೇ ಕಟ್ಟತೊಡಗಿತು. ಆಗ ನಮ್ಮ ದೇಶದಲ್ಲಿ ಕಾರು ಅಂದ್ರೆ ಅಂಬಾಸಿಡರ್, ಫಿಯೆಟ್, ಇಲ್ಲಾ ಹೆರಾಲ್ಡ್. 1962ರಲ್ಲಿ ಟ್ರಯಂಫ್ ಇದೇ ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿ ಎರಡು ಸೀಟಿನ ಒಂದು ಸ್ಪೋರ್ಟ್ಸ್ ಕಾರು ಮಾಡಿತು, ಹೆಸರು ಸ್ಪಿಟ್‌ಫೈರ್. ಅಂದ್ರೆ ನಮ್ಮ ಶೆಡ್ಡಿನ ಗಾಡಿ ಸ್ಪಿಟ್‌ಫೈರ್‌ನ ಒಡಹುಟ್ಟು. ಅದೇ ಮುಂದಿನ ಸಸ್ಪೆನ್ಷನ್, ಅದೇ ಹಿಂದಿನ ಸ್ವಿಂಗ್ ಆಕ್ಸಲ್, ಅದೇ 13 ಇಂಚಿನ ಗಾಲಿ. ಸ್ಪೋರ್ಟ್ಸ್ ಕಾರಿನ ಗುಣವೂ ಅದಕ್ಕಿದೆ, ಕೆಟ್ಟ ಚಾಳಿಯೂ ಇದೆ. ಆ ಚಾಳಿಯ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ಟೈರಿಗೆ ಬರೋಣ. ಇಂಗ್ಲಿಷಿನಲ್ಲಿ ಟೈರ್ ಅನ್ನೋ ಶಬ್ದಕ್ಕೂ ರಬ್ಬರಿಗೂ ಮೊದಲು ಸಂಬಂಧ ಇರಲಿಲ್ಲ. ಮರದ ಗಾಲಿಯ ಸುತ್ತ ಹಾಕುವ ಕಬ್ಬಿಣದ ಪಟ್ಟಿಗೇ ಆ ಹೆಸರು. ನಮ್ಮ ಕಡೆ ಅದಕ್ಕೆ ಹಳಿ ಅಂತೀವಲ್ಲ, ಅದೇ. ಹಳಿ ಬಡಿಯೋದನ್ನು ನೀವು ನೋಡಿರದಿದ್ದರೆ ನಿಮ್ಮ ಅಜ್ಜನನ್ನು ಕೇಳ್ರಿ. ಕಮ್ಮಾರ ಗಾಲಿಯ ಸುತ್ತಳತೆಗಿಂತ ಸ್ವಲ್ಪವೇ ಸ್ವಲ್ಪ ಕಡಿಮೆ ಅಳತೆಯ ಪಟ್ಟಿ ಬಳೆ ಮಾಡ್ತಾನೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಆಗ ಇಕ್ಕಳದಿಂದ ಎತ್ತಿ ಗಾಲಿಗೆ ಕೂಡಿಸಿ, ಸುತ್ತಿಗೆಯಿಂದ ಬಡಿದು, ನೀರು ಹೊಯ್ತಾರೆ. ಪಟ್ಟಿ ಕುಗ್ಗಿ ಮರದ ತುಂಡುಗಳನ್ನೆಲ್ಲ ಒತ್ತಿ ಹಿಡೀತದೆ. ಅಳತೆ ಒಂದು ಬೆರಳು ಹೆಚ್ಚಾದರೆ ಹಳಿ ಕಳಚುತ್ತದೆ, ಕಡಿಮೆಯಾದರೆ ಗಾಲಿ ಸೀಳುತ್ತದೆ. ಟೈರ್ ಆರಿಸೋ ಮೊದಲನೇ ಪಾಠ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ, ಕಮ್ಮಾರನ ಹತ್ತಿರ ಇತ್ತು.

ರಬ್ಬರಿನ ಕಥೆ ಬೇರೆ. ಹಸಿ ರಬ್ಬರ್ ಬಿಸಿಲಿಗೆ ಅಂಟಾಗಿ ಇಳೀತದೆ, ಚಳಿಗೆ ಬಿರುಸಾಗ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅನ್ನೋ ಅಮೆರಿಕದವನು ಗಂಧಕ ಕೂಡಿಸಿ ಕಾಯಿಸಿದರೆ ಅದು ಗಟ್ಟಿಯಾಗಿ, ಎಳೆದರೂ ಮರಳಿ ಬರುವಂತಾಗ್ತದೆ ಅಂತ ಕಂಡುಕೊಂಡ. ದುಡ್ಡು ಮಾತ್ರ ಮಾಡಲಿಲ್ಲ. 1860ರಲ್ಲಿ ಸತ್ತಾಗ ತಲೆಮೇಲೆ ಸಾಲ. (ಗುಡ್‌ಇಯರ್ ಟೈರ್ ಕಂಪನಿ ಹುಟ್ಟಿದ್ದು ಅವನು ಸತ್ತ 38 ವರ್ಷಕ್ಕೆ, ಬೇರೆಯವರಿಂದ. ಬರೀ ಹೆಸರು ಅವನದ್ದು. ನನ್ನಂಥ ಕಾಮರ್ಸ್ ಹುಡುಗರಿಗೆ ಇದು ಹೊಟ್ಟೆ ಉರಿಸೋ ವಿಷಯ.) ಅದೇ 1860ರಲ್ಲಿ ನಮ್ಮ ಸುರಪುರ ಸಂಸ್ಥಾನವನ್ನು ಬ್ರಿಟಿಷರು ನಿಜಾಮರಿಗೆ ಒಪ್ಪಿಸಿದರು.

ಸುರಪುರ ಬಂತು ಅಂತ ಇನ್ನೊಂದು ಹೇಳಿಬಿಡ್ತೀನಿ. ಗಾಳಿ ತುಂಬಿದ ಟೈರಿನ ಮೊದಲ ಪೇಟೆಂಟ್ 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅವನದ್ದು. ಆ ಹೊತ್ತಿಗೆ ಸುರಪುರದಲ್ಲಿ ಮೆಡೋಸ್ ಟೇಲರ್ ಸಾಹೇಬರ ಆಡಳಿತ ನಡೀತಿತ್ತು, ರಾಜಕುಮಾರ ಇನ್ನೂ ಹುಡುಗ. ಥಾಮ್ಸನ್‌ನ ಟೈರ್ ಕುದುರೆ ಗಾಡಿಗೆ ಹಾಕಿದ್ದು, ಯಾರೂ ಕೊಳ್ಳಲಿಲ್ಲ, ಜನ ಮರೆತರು. 43 ವರ್ಷ ಆದ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆ ಮಾಡಿದ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಈ ಸಲ ಸೈಕಲ್ ಕೊಳ್ಳುವ ಜನ ಇದ್ದರು. ಆಮೇಲೆ ಥಾಮ್ಸನ್‌ನ ಹಳೇ ಕಾಗದ ಹೊರಗೆ ಬಂದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು, ಆದರೆ ವ್ಯಾಪಾರ ಬೀಳಲಿಲ್ಲ.

ನಮ್ಮ ಭಾಗಕ್ಕೆ ರಬ್ಬರ್ ಟೈರು ಬಂದಿದ್ದು ಬಸ್ಸಿನಿಂದ, ಬಂಡಿಯಿಂದ. ನಿಜಾಮ ಸರ್ಕಾರ 1932ರಲ್ಲಿ 27 ಬಸ್ಸಿನಿಂದ ಸಾರಿಗೆ ಶುರು ಮಾಡಿತು. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಫ್ಯಾಕ್ಟರಿ ಬಂತು. ಎತ್ತಿನ ಬಂಡಿಗೇ ಅಂತ ಬೇರೆ ಟೈರು ಬಂದವು, ಇವತ್ತಿಗೂ ಅವುಗಳ ಮೇಲೆ ಎ.ಡಿ.ವಿ. ಅಂತ ಬರೆದಿರ್ತದೆ, ಅಂದ್ರೆ ದನ ಎಳೆಯುವ ಗಾಡಿ. ಎರೆ ನೆಲದಲ್ಲಿ ಹಳಿಯ ಗಾಲಿ ಕೊಯ್ದುಕೊಂಡು ಹೂಳ್ತದೆ, ಟೈರ್ ಗಾಡಿ ಮೇಲೆ ತೇಲ್ತದೆ. ಆ ಒಂದೇ ಕಾರಣಕ್ಕೆ ಎಷ್ಟು ಎತ್ತುಗಳ ಹೆಗಲು ಉಳಿದಾವೋ.

ಟೈರು ತುಟ್ಟಿ, ಸಿಗೋದು ಕಷ್ಟ. ಅದಕ್ಕೇ ನಮ್ಮ ಜನ ಕಲಿತಿದ್ದು ರೀಸೋಲ್. ಸವೆದ ಟೈರಿನ ಮೇಲೆ ಹೊಸ ರಬ್ಬರಿನ ಪದರ ಕೂಡಿಸಿ ಬೇಯಿಸೋದು. ಎಂ.ಆರ್.ಎಫ್. ಗೊತ್ತಲ್ಲ, ಕ್ರಿಕೆಟ್ ಬ್ಯಾಟಿನ ಮೇಲೆ ನೋಡಿರ್ತೀರಿ. ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ 1946ರಲ್ಲಿ ಮದ್ರಾಸಿನಲ್ಲಿ ಆಟದ ಬಲೂನು ಮಾಡ್ತಾ ಶುರು ಮಾಡಿದ ಕಂಪನಿ ಅದು. 1952ರಲ್ಲಿ ಅವರು ಹಿಡಿದದ್ದು ಈ ರೀಸೋಲ್ ರಬ್ಬರಿನ ವ್ಯಾಪಾರವನ್ನೇ. ಹೊಸ ಟೈರು ಮಾಡಿದ್ದು 60ರ ದಶಕದಲ್ಲಿ. ನಮ್ಮ ರಾಜ್ಯದ್ದೂ ಒಂದಿತ್ತು: ಮೈಸೂರಿನ ವಿಕ್ರಾಂತ್ ಟೈರ್ಸ್, ಇಂಗ್ಲೆಂಡಿನ ಏವನ್ ಕಂಪನಿಯ ತಾಂತ್ರಿಕ ಸಹಾಯದಿಂದ ಕಟ್ಟಿದ್ದು. 1997ರಲ್ಲಿ ಅದು ಜೆ.ಕೆ. ಟೈರ್ ಕೈಗೆ ಹೋಯಿತು.

ಈ ಹೆಸರಿಂದಲೇ ನಮ್ಮ ಜಗಳದ ಮುಖ್ಯ ವಿಷಯಕ್ಕೆ ಬಂದ್ವಿ. 1977ರಲ್ಲಿ ಜೆ.ಕೆ. ಟೈರ್ ಭಾರತದಲ್ಲಿ ಮೊದಲ ಸಲ ರೇಡಿಯಲ್ ಟೈರ್ ಮಾಡಿತು. ಫ್ರಾನ್ಸಿನ ಮಿಶೆಲಿನ್ ಅದಕ್ಕೆ ಪೇಟೆಂಟ್ ಪಡೆದಿದ್ದು 1946ರಲ್ಲಿ. ಅದಕ್ಕೂ ಮುಂಚಿನದ್ದು ಕ್ರಾಸ್‌ಪ್ಲೈ. ವ್ಯತ್ಯಾಸ ಹೀಗೆ: ಕ್ರಾಸ್‌ಪ್ಲೈ ಒಳಗಿನ ದಾರಗಳು ನುಲಿ ಹೊರಸಿನ ಹಾಗೆ ಓರೆಯಾಗಿ ಒಂದರ ಮೇಲೊಂದು ಹಾಯ್ದಿರ್ತವೆ. ರೇಡಿಯಲ್ಲಿನಲ್ಲಿ ದಾರಗಳು ಬಂಡಿ ಗಾಲಿಯ ಅರಗಳ ಹಾಗೆ ನೇರ, ಅವುಗಳ ಮೇಲೆ ಸುತ್ತ ಒಂದು ಉಕ್ಕಿನ ಪಟ್ಟಿ. ನೋಡ್ರಿ, ಹಳಿ ಮತ್ತೆ ಬಂತು! ಈ ಸಲ ರಬ್ಬರಿನ ಒಳಗೆ. ಹೊರಸಿನಲ್ಲಿ ಕೂತರೆ ಎಲ್ಲ ನುಲಿಯೂ ಒಂದಕ್ಕೊಂದು ತಿಕ್ಕುತ್ತದೆ, ಕ್ರಾಸ್‌ಪ್ಲೈಯೂ ಹಾಗೇ ತಿಕ್ಕಾಡಿ ಬಿಸಿಯಾಗ್ತದೆ. ರೇಡಿಯಲ್ ಕಡಿಮೆ ಬಿಸಿಯಾಗ್ತದೆ, ಹೆಚ್ಚು ಬಾಳ್ತದೆ. ಮೇ ತಿಂಗಳ ಯಾದಗಿರಿ ಡಾಂಬರಿನ ಮೇಲೆ ಇದು ಸಣ್ಣ ಮಾತಲ್ಲ.

ಹೆರಾಲ್ಡಿನ ಮೂಲ ಟೈರು 5.20-13, ಕ್ರಾಸ್‌ಪ್ಲೈ. 5.20 ಇಂಚು ಅಗಲ, 13 ಇಂಚಿನ ರಿಮ್. ಎತ್ತರ ಬರೆದಿರೋದಿಲ್ಲ. ಆ ಕಾಲದ ಟೈರಿನ ಎತ್ತರವನ್ನು ಅಗಲದ ನೂರಕ್ಕೆ 95 ಅಂತ ಹಿಡಿದರೆ ಒಟ್ಟು ವ್ಯಾಸ ಸುಮಾರು 581 ಮಿಲಿಮೀಟರ್. ಈಗಿನ ಅಳತೆಯಲ್ಲಿ 155/80 ಆರ್13 ತಗೊಂಡರೆ 578. ಬಹಳ ಹತ್ತಿರ. ನಾನೂ ಅದನ್ನೇ ಹೇಳಿದೆ. ಆದರೆ ಅಣ್ಣ ಟೇಪು ಹಿಡಿದು ನಮ್ಮ ರಿಮ್ ಅಳೆದ: ಮೂರೂವರೆ ಇಂಚು ಅಗಲ. 155 ಟೈರಿಗೆ ಕನಿಷ್ಠ ನಾಲ್ಕು ಇಂಚು ಬೇಕು. ಇಕ್ಕಟ್ಟಿನ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಅದರ ಪಕ್ಕೆ ಉಬ್ಬಿ, ತಿರುವಿನಲ್ಲಿ ಅಲ್ಲಾಡ್ತದೆ. ಈ ಲೆಕ್ಕದಲ್ಲಿ ಅವನು ಗೆದ್ದ, ಒಪ್ಪಿಕೊಂಡೆ.

ಉಳಿದದ್ದು 145/80 ಆರ್13. ವ್ಯಾಸ 562. ಮೂಲದಕ್ಕಿಂತ ನೂರಕ್ಕೆ ಮೂರು ಕಡಿಮೆ, ಅಂದ್ರೆ ಮೀಟರ್ 60 ತೋರಿಸಿದಾಗ ಗಾಡಿ 58ರಲ್ಲಿ ಓಡ್ತಿರ್ತದೆ. ಮದುವೆ ಗಾಡಿಗೆ ಇದು ಲಾಭವೇ. ಈ ಅಳತೆ ಮೊನ್ನೆಮೊನ್ನೆವರೆಗೂ ವ್ಯಾಗನ್‌ಆರ್‌ಗೆ ಬರ್ತಿತ್ತು, ಹೀಗಾಗಿ ಸಿಗ್ತದೆ. ಸ್ಪಿಟ್‌ಫೈರ್‌ನ ಒಡಹುಟ್ಟು ವ್ಯಾಗನ್‌ಆರ್ ಚಪ್ಪಲಿ ಹಾಕ್ಕೊಂಡು ಮದುವೆಗೆ ಹೋಗೋದು, ಏನ್ ಕಾಲ ಬಂತ್ರೀ.

“ಅಗಲದ್ದು ಹಾಕಿದ್ರ ಗಟ್ಟಿ ಹಿಡೀತದಲ್ಲೋ” ಅಂದ ಅಣ್ಣ. ಇಲ್ಲಿ ಆ ಕೆಟ್ಟ ಚಾಳಿ ಬರ್ತದೆ. ಸ್ವಿಂಗ್ ಆಕ್ಸಲ್‌ನಲ್ಲಿ ಹಿಂದಿನ ಗಾಲಿ ಆಕ್ಸಲ್ ಜೊತೆಗೇ ಮೇಲೆ ಕೆಳಗೆ ತೂಗ್ತದೆ. ಜೋರಾದ ತಿರುವಿನಲ್ಲಿ ತಟ್ಟನೆ ಎಕ್ಸಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳ್ತದೆ, ಹೊರಗಿನ ಗಾಲಿ ಒಳಗೆ ಮಡಚ್ತದೆ, ಗಾಡಿಯ ಬಾಲ ಸರೀತದೆ. ಟೈರಿನ ಹಿಡಿತ ಹೆಚ್ಚಾದಷ್ಟೂ ಆ ಮಡಚುವ ಬಲವೂ ಹೆಚ್ಚು. ಅದಕ್ಕೇ ಇಂಥ ಗಾಡಿಗೆ ಕಿರಿದಾದ, ನಾಲ್ಕೂ ಒಂದೇ ತರಹದ ಟೈರೇ ಸರಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಅಂತ ಮಾತ್ರ ಯಾವ ಗಾಡಿಗೂ ಮಾಡಬೇಡ್ರಿ, ಬಾಲ ಮೊದಲು ಜಾರ್ತದೆ.

ಇನ್ನು ಅಣ್ಣ ತಂದ ಆ ‘ಹೊಸಾವು’. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷದ ಅಂಕಿ ಇರ್ತದೆ. 2000ದಿಂದ ನಾಲ್ಕು ಅಂಕಿ: 1523 ಅಂದ್ರೆ 2023ರ 15ನೇ ವಾರ. ಅದಕ್ಕೂ ಮುಂಚೆ ಮೂರೇ ಅಂಕಿ. ನಮ್ಮ ಟೈರಿನಲ್ಲಿ ಓದಿದೆ, 088. ಎಂಟನೇ ವಾರ, 8ರಲ್ಲಿ ಮುಗಿಯುವ ವರ್ಷ. 1988ಓ, 1978ಓ ಅಂತ ಅದು ಹೇಳೋದಿಲ್ಲ. ತಂಗಿಗಿಂತ ದೊಡ್ಡದು ಅನ್ನೋದಂತೂ ಖಾತ್ರಿ.

“ನಿಂತಲ್ಲೇ ನಿಂತದ್ದು ಹೆಂಗ ಕೆಡ್ತದ?” ಅಂತ ದೊಡ್ಡಮ್ಮ ಕೇಳಿದಳು, ನ್ಯಾಯವಾದ ಪ್ರಶ್ನೆ. ಗಾಳಿಯಲ್ಲಿರೋ ಆಮ್ಲಜನಕ, ಓಜೋನ್ ರಬ್ಬರನ್ನು ಒಳಗೊಳಗೇ ತಿನ್ನುತ್ತವೆ. ಅದನ್ನು ತಡೆಯಲಿಕ್ಕೆ ಕಂಪನಿಯವರು ಒಂದು ತರಹದ ಮೇಣ ಕಲಸಿರ್ತಾರೆ. ಟೈರ್ ಉರುಳಿ ಬಾಗಿದಾಗ ಆ ಮೇಣ ಮೇಲಕ್ಕೆ ಬಂದು ಪೊರೆ ಕಟ್ತದೆ. ನಿಂತ ಟೈರಿನಲ್ಲಿ ಅದು ಸರಿಯಾಗಿ ಮೇಲೆ ಬರೋದೇ ಇಲ್ಲ. ಹೂಡದೆ ಬಿಟ್ಟ ಎತ್ತು ಗಟ್ಟಿ ಇರ್ತದೆ ಅನ್ಕೋತೀವಿ, ಮೊದಲ ದಿನವೇ ಕುಂಟ್ತದೆ. ಬಿಸಿಲಿಗೆ ಹಿಡಿದು ಪಕ್ಕೆಯನ್ನು ಹೆಬ್ಬೆರಳಿನಿಂದ ಬಾಗಿಸಿದೆ. ಕೂದಲಿನಂಥ ಬಿರುಕು ಸಾಲುಸಾಲಾಗಿ ಬಾಯಿ ಬಿಟ್ಟವು. ಅಣ್ಣ ಏನೂ ಅನ್ನಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನೇ ಅಂದಳು, “ಹುಡುಗಿ ಕೂಡೋ ಗಾಡಿ ಅದ.”

ಮರುದಿನ ಶಹಾಪುರಕ್ಕೆ ಹೋಗಿ ನಾಲ್ಕು 145 ತಂದ್ವಿ, ನಾಲ್ಕೂ ಈ ವರ್ಷದವೇ. ಹಳೇ ರಿಮ್ಮಿಗೆ ಟ್ಯೂಬ್‌ಲೆಸ್ ಟೈರಿನ ಅಂಚು ಹಿಡಿದಿಡುವ ಏಣು ಇರೋದಿಲ್ಲ, ಅದಕ್ಕೇ ಒಳಗೆ ರೇಡಿಯಲ್ ಟ್ಯೂಬ್ ಹಾಕಿಸಿದ್ವಿ. ಪಂಕ್ಚರ್ ಅಂಗಡಿ ಚಾಚಾ ರಿಮ್ಮಿನ ತುಕ್ಕು ತಿಕ್ಕಿ ತೆಗೆದು, ಗಾಳಿ ಹಾಕಿ, “ನಾಳೆ ಮುಂಜಾನೆ ತಂಪಿನಾಗ ಮತ್ತ ಚೆಕ್ ಮಾಡ್ಸ್ರಿ, ಈಗ ಬಿಸಿ ಅದ, ಸುಳ್ಳ ಹೇಳ್ತದ” ಅಂದ.

ಆ ನಾಲ್ಕು ಹಳೇ ಟೈರು ಶೆಡ್ಡಿನಲ್ಲೇ ಇವೆ. ಒಂದರೊಳಗೆ ಆಗಲೇ ಕೋಳಿ ಕಾವಿಗೆ ಕೂತಿದೆ.