ಗಾಂಧಿ ಬಜಾರಿನ ಡಾರ್ಕ್ ರೂಮು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ, ನಾನು ಫೋಟೊ ತೊಳೆಯುವ ಕೆಲಸ ಕಲಿತ ಸ್ಟುಡಿಯೊದ ಹಳೇ ಹೆಂಚಿನ ಕಟ್ಟಡವನ್ನು ಈ ಬೇಸಿಗೆಯಲ್ಲಿ ಕೆಡವುತ್ತಾರೆ. ಮಾಲೀಕರ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಗೋಡೆ ಬಿರುಕು ಬಿಟ್ಟಿದೆ, ತೊಲೆಗೆ ಗೆದ್ದಲು ಹಿಡಿದಿದೆ. ನನ್ನ ಚಿಂತೆಯೆಲ್ಲ ಅಟ್ಟದ ಮೇಲಿನ ನೆಗೆಟಿವ್‌ಗಳದ್ದು.

ನಾನು ಭದ್ರಾವತಿ ನ್ಯೂಟೌನಿನವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಕಬ್ಬಿಣ ತೆಗೆಯಲು ತೊಡಗಿದ ಆ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಎರಡನ್ನೂ ನಂಬಿ ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ನಮ್ಮ ಊರಿಗೆ ಬಂದವು. ಮಗು ಹುಟ್ಟಿದರೆ ಅವರು ಊರಿಗೆ ಕಾಗದದ ಜೊತೆ ಫೋಟೊ ಕಳಿಸಬೇಕಿತ್ತು. ಮದುವೆ ಜವಳಿಗೆಂದು ಗಾಂಧಿ ಬಜಾರಿಗೆ ಬಂದವರು ಹಾಗೇ ನಮ್ಮ ಮೆಟ್ಟಿಲು ಹತ್ತಿ, ಜೋಗದ ಪರದೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು.

ಮೆಟಾಲ್, ಸಲ್ಫೈಟ್, ಹೈಡ್ರೊಕ್ವಿನೋನ್, ಬೊರಾಕ್ಸ್ ತೂಗಿ ಡೆವಲಪರ್ ಕಲಸುವುದು ಮೊದಲ ಪಾಠ. ಮೆಟಾಲನ್ನೇ ಮೊದಲು ಹಾಕಬೇಕು. ಸಲ್ಫೈಟ್ ಹೆಚ್ಚು ಬೆರೆತ ನೀರಿನಲ್ಲಿ ಅದು ಕರಗುವುದಿಲ್ಲ. ಪ್ರಿಂಟ್ ಹಾಕುವ ಪೇಪರಿಗೆ ಕೆಂಪು ಬಲ್ಬು ನಡೆಯುತ್ತಿತ್ತು, ರೋಲಿಗೆ ಅದೂ ಇಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿಯ 'ಇಂದು' ರೋಲು, ಗಿರಾಕಿಗಳ ಆಗ್ಫಾ ಕ್ಲಿಕ್ ಕ್ಯಾಮೆರಾದ ಹನ್ನೆರಡು ಫೋಟೊದ ರೋಲು, ಎಲ್ಲವನ್ನೂ ಕಗ್ಗತ್ತಲಲ್ಲಿ ಬೆರಳ ಅಂದಾಜಿನಲ್ಲೇ ಸುತ್ತಬೇಕಿತ್ತು.

ಮಳೆಗಾಲ ಬಂತೆಂದರೆ ಪಡಿಪಾಟಲು. ತುಂಗೆಯ ಕೆಂಪು ನಲ್ಲಿಯಲ್ಲೂ ಇಳಿಯುತ್ತಿತ್ತು. ಮಡಿಕೆ ಬಟ್ಟೆಯಲ್ಲಿ ಸೋಸದಿದ್ದರೆ ಮದುಮಗಳ ಕೆನ್ನೆಯ ಮೇಲೆ ಮಣ್ಣಿನ ಚುಕ್ಕೆ. ವೋಲ್ಟೇಜ್ ಇಳಿದರೆ ಎನ್‌ಲಾರ್ಜರಿನ ಬಲ್ಬು ಮಂಕಾಗಿ ಪ್ರಿಂಟು ಪೇಲವವಾಗುತ್ತಿತ್ತು. "ಗಡಿಯಾರ ನೋಡ್ಬೇಡ ಮಾರಾಯ, ಬೆಳಕು ನೋಡಿ ಎಣಿಸು" ಎನ್ನುತ್ತಿದ್ದರು ಯಜಮಾನರು.

ಅವರ ನಿಜವಾದ ವಿದ್ಯೆ ಟಚಿಂಗ್. ಆಗ ಸಿಡುಬಿನ ಕಲೆಯಿದ್ದ ಮುಖಗಳು ಬಹಳ. ಹೆಣ್ಣಿನ ಫೋಟೊ ಗಂಡಿನ ಮನೆಗೆ ಹೋಗಬೇಕೆಂದರೆ ತಾಯಂದಿರು ಮೆಲ್ಲಗೆ ಬಂದು, "ಸ್ವಲ್ಪ ನೋಡ್ಕೊಳ್ಳಿ ಅಣ್ಣಾ" ಎನ್ನುತ್ತಿದ್ದರು. ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವ ಕುಳಿ ನೆಗೆಟಿವ್‌ನಲ್ಲಿ ತೆಳುವಾಗಿರುತ್ತದೆ. ಅದರ ಮೇಲೆ ಚೂಪಾದ ಪೆನ್ಸಿಲಿನಿಂದ ಒಂದೊಂದೇ ಚುಕ್ಕೆ ಇಟ್ಟರೆ ಕಲೆ ಮಾಯ. ಅದನ್ನು ಮೋಸ ಎಂದವರೂ ಉಂಟು. ನಾನು ಒಪ್ಪುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ತಮ್ಮ ಫೋಟೊವನ್ನು ನೋಡಿ ಸಂಕೋಚವಿಲ್ಲದೆ ನಕ್ಕದ್ದನ್ನು ನಾನು ಆ ಕೌಂಟರಿನಲ್ಲೇ ಕಂಡಿದ್ದೇನೆ.

ಆಮೇಲೆ ಕಲರ್ ಬಂತು. ರೋಲುಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋದವು; ಮುಂದೆ ನಮ್ಮೂರಲ್ಲೇ ಮೆಷಿನ್ ಬಂದು ಡಾರ್ಕ್ ರೂಮು ಸಾಮಾನಿನ ಕೋಣೆಯಾಯಿತು. ಡಿಜಿಟಲ್ ಮುಂದೆ 2012ರಲ್ಲಿ ಕೊಡಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿದ ಮೇಲೆ ನಮ್ಮಂಥವರದು ಏನಿದೆ.

ಅಟ್ಟದ ಆ ನೆಗೆಟಿವ್ ಲಕೋಟೆಗಳಲ್ಲಿ ಇರುವುದು ಭದ್ರಾವತಿಯ ದುಡಿದ ಜನ. ಕಾಗದದ ಕಾರ್ಖಾನೆ ನಿಂತುಹೋಗಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ವಿರುದ್ಧ 2023ರಲ್ಲಿ ಕಾರ್ಮಿಕರು ಧರಣಿ ಕೂತರು. ಆ ಕಾರ್ಖಾನೆ ಕಟ್ಟಿಸಿದ ವಿಶ್ವೇಶ್ವರಯ್ಯನವರ ಫೋಟೊ ಎಲ್ಲ ಕಡೆ ಸಿಗುತ್ತದೆ. ಕುಲುಮೆಯ ಮುಂದೆ ಬೆವರು ಸುರಿಸಿದವರು ಹಬ್ಬದ ಅಂಗಿ ತೊಟ್ಟು ನಿಂತ ಫೋಟೊ ಇಂಥ ಅಟ್ಟಗಳಲ್ಲಿ ಮಾತ್ರ ಸಿಗುತ್ತದೆ. ಕೋಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊ 2016ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮುಂಚೆ, 1991ರ ಬೆಂಕಿಯಲ್ಲೇ ಅದರ ಹಳೇ ಸಂಗ್ರಹದ ಬಹುಪಾಲು ಸುಟ್ಟುಹೋಗಿತ್ತು. ನಮ್ಮದಕ್ಕೆ ಬೆಂಕಿ ಬೇಕಿಲ್ಲ, ಮಲೆನಾಡಿನ ಬೂಷ್ಟೇ ಸಾಕು.

ಜೆಸಿಬಿ ಬರುವ ಮೊದಲು ಆ ಪೆಟ್ಟಿಗೆಗಳನ್ನು ಇಳಿಸಿ. ರಿಜಿಸ್ಟರುಗಳನ್ನೂ ಜೊತೆಗೇ ಇಳಿಸಿ. ಲಕೋಟೆಯ ನಂಬರಿಗೆ ಹೆಸರು ಸಿಗುವುದು ಅದರಲ್ಲೇ. ನೀರು ತಾಗಿಸಬೇಡಿ, ಒಣಗಿದ ಕಾಗದದ ಕವರಿನಲ್ಲಿಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿಗೆ ಹತ್ತಿರದಲ್ಲೇ ಇದೆ, ಅವರು ಇವನ್ನು ತೆಗೆದುಕೊಳ್ಳಬೇಕು. ಹೆಸರು, ಮುಖ ಗುರುತಿಸಲು ಯಾರಾದರೂ ಬೇಕೆಂದರೆ ನಾನು ಬಂದು ಕೂರುತ್ತೇನೆ.