ಕಪ್ಪಗಲ್ಲು ಬಂಡೆ ಕೆತ್ತನೆಗಳು

ಬಳ್ಳಾರಿ ನಗರದ ಸಮೀಪ, ಸಂಗನಕಲ್ಲು–ಕಪ್ಪಗಲ್ಲು ಗ್ರಾಮಗಳ ನಡುವಿನ ಹಿರೇಗುಡ್ಡದ ಮೇಲಿರುವ, ಮುಖ್ಯವಾಗಿ ನವಶಿಲಾಯುಗದ ಬಂಡೆ ಕೆತ್ತನೆಗಳ ಸಮೂಹ. ತುಂಗಭದ್ರೆಯ ಜಲಾನಯನದಲ್ಲಿ ಈ ನೆಲೆಯಿದೆ. 1892ರಲ್ಲಿ ಇವು ವಿದ್ವಾಂಸರ ಗಮನಕ್ಕೆ ಬಂದವು.

ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಎದ್ದಿರುವ ಕರಿಯ ಡೊಲೆರೈಟ್ ಶಿಲಾಪಟ್ಟಿಯ ಮೇಲೆ ಈ ಚಿತ್ರಗಳಿವೆ. ಉಳಿಯಿಂದ ಕಡೆದವಲ್ಲ, ಗಟ್ಟಿಕಲ್ಲಿನಿಂದ ಕುಟ್ಟಿ ಮೇಲ್ಪದರವನ್ನು ಜಜ್ಜಿದಾಗ ಒಳಗಿನ ತಿಳಿಬಣ್ಣ ತೋರಿ ರೂಪ ಮೂಡಿದೆ. ಹಳೆಯ ಚಿತ್ರಗಳು ಕಾಲಕ್ರಮೇಣ ಕಪ್ಪಾಗಿ ಬಂಡೆಯ ಬಣ್ಣಕ್ಕೆ ತಿರುಗಿರುವುದರಿಂದ, ಅವುಗಳ ಹಿಂದುಮುಂದನ್ನು ಅಂದಾಜಿಸಲು ಈ ಬಣ್ಣವೂ ಒಂದು ಆಧಾರ.

ಹಿಣಿಲುಳ್ಳ, ಉದ್ದ ಕೊಂಬಿನ ದನಗಳೇ ಇಲ್ಲಿ ಹೆಚ್ಚು. ಕೈಹಿಡಿದು ಸಾಲಾಗಿ ನಿಂತ ಮನುಷ್ಯರು, ಮಿಥುನ ದೃಶ್ಯಗಳು, ಜಿಂಕೆ, ಹಕ್ಕಿಗಳೂ ಇವೆ. ಕೆಲವು ಚಿತ್ರಗಳು ಕಾಲೂರಲು ಕಷ್ಟವಾದ ಎತ್ತರದಲ್ಲಿವೆ. ನಂತರದ ಕಾಲದವರೂ ಅದೇ ಬಂಡೆಗಳ ಮೇಲೆ ಚಿತ್ರ ಬಿಡಿಸಿದ್ದಾರೆ. ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳು ಈ ನೆಲೆಯ ವಿಶೇಷ. ಅವುಗಳ ಮೇಲಿನ ನುಣುಪಾದ ಕುಳಿಗಳು ಪದೇ ಪದೇ ಬಡಿದ ಗುರುತುಗಳು. 2004ರಲ್ಲಿ ಪ್ರಕಟವಾದ ನಿಕೋಲ್ ಬೋಯಿವಿನ್ ಅವರ ಅಧ್ಯಯನ ಈ ನಾದವನ್ನು ಆಚರಣೆಗಳೊಂದಿಗೆ ಜೋಡಿಸುತ್ತದೆ. ಊಹೆ ಸಮಂಜಸವಾದರೂ ಆಚರಣೆಯ ಸ್ವರೂಪ ಖಚಿತವಿಲ್ಲ.

ಸುತ್ತಲಿನ ಬೂದಿದಿಬ್ಬಗಳು ಸಗಣಿ ಸುಟ್ಟು ಉಂಟಾದವು. ಕೊಡಲಿ ತಯಾರಿಕೆಯ ಕುರುಹುಗಳೂ ಗುಡ್ಡದಲ್ಲಿ ಸಿಕ್ಕಿದ್ದು, ಪಶುಪಾಲಕ ಸಮುದಾಯದ ಬದುಕನ್ನು ಕೆತ್ತನೆಗಳೊಂದಿಗೆ ಸೇರಿಸಿ ಓದಲು ಇಲ್ಲಿ ಅವಕಾಶವಿದೆ. ಕಲ್ಲುಗಣಿಗಾರಿಕೆಯಿಂದ ನೆಲೆಗೆ ಹಾನಿಯಾಗಿದೆ.