ಜೋಳದ ಋಣ, ಕಲ್ಯಾಣದ ಕಾಯಕ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮಳೆ ಹಿಂದೆಗೆದ ಮೇಲೆ, ನೆಲ ಹಿಡಿದಿಟ್ಟ ಹಸಿಯಲ್ಲೇ ಬೆಳೆಯುತ್ತದೆ. ಕಾಳು ಮನೆಮಂದಿಗೆ, ಕಣಿಕೆ ದನಕ್ಕೆ. ಚೆನ್ನಾಗಿ ಒಣಗಿಸಿ ಹಗೇವಿಗೆ ತುಂಬಿದರೆ ವರ್ಷ ಕಳೆದರೂ ಕೆಡುವುದಿಲ್ಲ. ಆಫ್ರಿಕದಲ್ಲಿ ಪಳಗಿ ಇಲ್ಲಿಗೆ ಬಂದ ಈ ಧಾನ್ಯ ಊಟವನ್ನಷ್ಟೇ ರೂಪಿಸಿದ್ದರೆ ಅದರ ಚರಿತ್ರೆ ಅಡುಗೆಮನೆಯಲ್ಲೇ ಮುಗಿಯುತ್ತಿತ್ತು. ಕೂಡಿಡಲು ಬರುವ ಕಾಳು ಕೂಡಿಟ್ಟವನಿಗೆ ಅಧಿಕಾರವನ್ನೂ ಕೊಡುತ್ತದೆ. ಹಳಗನ್ನಡದ ಕಾಲದ ಜೋಳವಾಳಿ ಅಂಥ ಅಧಿಕಾರದ ಕಟ್ಟಳೆ: ಒಡೆಯನ ಜೋಳ ಉಂಡವನು ರಣರಂಗದಲ್ಲಿ ಪ್ರಾಣ ಕೊಟ್ಟಾದರೂ ಋಣ ತೀರಿಸಬೇಕು. 12ನೇ ಶತಮಾನದ ಕಲ್ಯಾಣದಲ್ಲಿ ನಡೆದದ್ದನ್ನು ಈ ಋಣದ ಎದುರಿಗಿಟ್ಟು ಓದಬೇಕೆಂಬುದು ನನ್ನ ವಾದ.

ಚಾಲುಕ್ಯರ ಸಿಂಹಾಸನ ಕಸಿದುಕೊಂಡ ಕಳಚುರಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ಸ್ವತಃ ಅರಸನ ಸೇವೆಯಲ್ಲಿದ್ದವರು. ಅದೇ ಊರಿನಲ್ಲಿ ಶರಣರು ಅನ್ನದ ಲೆಕ್ಕವನ್ನೇ ತಿರುವಿಹಾಕಿದರು. ಕಾಯಕ ಮಾಡುವವನು ತನ್ನ ಅನ್ನ ತಾನೇ ಗಳಿಸುತ್ತಾನೆ. ದಾಸೋಹದಲ್ಲಿ ನೀಡಿದವನು ಒಡೆಯನಾಗುವ ಬದಲು ದಾಸನಾಗುತ್ತಾನೆ. ಆಗಿನ ಕಲ್ಯಾಣದ ಅನ್ನ ಅಕ್ಕಿಯದ್ದಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗದ ಭಾಗದಲ್ಲಿ ಬಗೆಬಗೆಯ ಅಕ್ಕಿಯಿದೆ, ಉದ್ದಿನ ಇಡ್ಡರಿಕೆಯಿದೆ, ಮಾಂಸದಡುಗೆಯಿದೆ. ಆಯ್ದಕ್ಕಿ ಮಾರಯ್ಯನ ಕಾಯಕವೂ ಚೆಲ್ಲಿದ ಅಕ್ಕಿ ಆಯುವುದೇ. ಆದರೆ ಸೋಮೇಶ್ವರ ಬರೆದದ್ದು ಅರಮನೆಯ ತಟ್ಟೆಯನ್ನು ನೋಡಿ. ಸುತ್ತಲಿನ ಬೆದ್ದಲು ಅಂಥ ನೆಲ್ಲು ಬೆಳೆಯುವ ನೆಲವಲ್ಲ. ಇನ್ನು ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಹೆಂಡತಿ ಲಕ್ಕಮ್ಮ ತಂದಲ್ಲೇ ಸುರಿದು ಬರಲು ಹೇಳಿದ ಕಥೆಯ ಗುರಿ ಕೂಡಿಡುವಿಕೆಯೇ. ಕಾಳು ಬೇರೆ, ಜಗಳ ಅದೇ.

ಋಣವೆಂಬುದು ಬರೀ ಕವಿಸಮಯ ಎನ್ನುವವರಿಗೆ ಕಣದ ರೂಢಿಯೇ ಉತ್ತರ. ರಾಶಿಯ ದಿನ ಬಡಿಗ, ಕಮ್ಮಾರ, ಕುಂಬಾರ, ಅಗಸರಿಗೆ ಅಳೆದುಕೊಡುತ್ತಿದ್ದ ಆಯ ಅವರ ವರ್ಷದ ದುಡಿಮೆಯನ್ನು ಹೊಲವಿದ್ದ ಮನೆತನಗಳಿಗೆ ಕಟ್ಟಿಹಾಕುತ್ತಿತ್ತು. ಅಳೆಯುವ ಕೊಳಗ ಕೊಡುವವನ ಕೈಯಲ್ಲಿತ್ತು. ಶರಣರು ಬಂದುಹೋದ ಮೇಲೂ ಇದು ಶತಮಾನಗಳ ಕಾಲ ನಡೆಯಿತಲ್ಲ, ಹಾಗಾದರೆ ಕಾಯಕ ಸೋತಿತೇ? ಹೊಲದ ಒಡೆತನದ ಮಟ್ಟಿಗೆ ಸೋತಿತು ಎಂದೇ ಹೇಳಬೇಕು. ಕಲ್ಯಾಣದ ಪ್ರಯೋಗ ಬಿಜ್ಜಳನ ಕೊನೆಗಾಲಕ್ಕೇ ಚದುರಿತು. ಭೂಮಿ ಯಾರದಿತ್ತೋ ಅವರದೇ ಆಗಿ ಉಳಿಯಿತು. ದಾಸೋಹ ಮಠಗಳಲ್ಲಿ ಬದುಕಿತು. ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಬೇರೊಂದು ಪರಂಪರೆಯಿಂದ ಬಂದವರಾದರೂ ಹಿಂದೂ–ಮುಸ್ಲಿಮರೆನ್ನದೆ ಅನ್ನವಿಟ್ಟರು. ಆಯದ ಕಟ್ಟನ್ನು ಸಡಿಲಿಸಿದ್ದು ಮಾತ್ರ ವಚನಕ್ಕಿಂತ ಹೆಚ್ಚಾಗಿ ನಗದು ಕೂಲಿ. ಈಗ ಮುಂಗಾರಿನ ಹೊಲಗಳನ್ನು ಸೋಯಾ ಆವರಿಸಿದೆ. ಅದರಿಂದ ಯಾರೂ ರೊಟ್ಟಿ ಬಡಿಯುವುದಿಲ್ಲ, ಹಗೇವಿನ ಗೊಡವೆಯೂ ಇಲ್ಲ. ರಾಶಿಯಾದದ್ದೇ ಮಾರುಕಟ್ಟೆಗೆ ಹೊರಡುತ್ತದೆ. 2013ರಿಂದ ಅನ್ನಭಾಗ್ಯದ ಅಕ್ಕಿ ಪಡಿತರದಂಗಡಿಯಲ್ಲಿ ಸಿಗುತ್ತಿದೆ. ಅದನ್ನು ಉಂಡವರು ಯಾವ ಗೌಡನ ಹೊಲದಲ್ಲೂ ದುಡಿದು ತೀರಿಸಬೇಕಿಲ್ಲ. ಚುನಾವಣೆ ಬಂದಾಗ ಋಣವನ್ನು ನೆನಪಿಸುವವರು ಮಾತ್ರ ಇದ್ದೇ ಇರುತ್ತಾರೆ.